ಊಟ ಆದ ಮೇಲಿನ ಪಾಠ

ದೊಡ್ಡಬಳ್ಳಾಪುರ ತಾಲ್ಲೂಕಿನ ದೊಡ್ಡಬೆಳವಂಗಲದಂಥ ಹೋಬಳಿ ಊರುಗಳ ಅಂಗನವಾಡಿಗಳಲ್ಲಿ ಮಧ್ಯಾಹ್ನದ ಊಟ ಮುಗಿಯಿತೆಂದರೆ ಚಾಪೆ ಹಾಸುವ ಹೊತ್ತು. ಬೆಳಿಗ್ಗೆಯಿಂದ ಹಾಡು, ಬಣ್ಣ, ಹಣ್ಣುಗಳ ಹೆಸರು ಹೇಳಿ ದಣಿದ ಮಕ್ಕಳು ಸಾಲಾಗಿ ಒರಗುತ್ತವೆ. 'ಅಲ್ಲಿ ಉಣ್ಣಿಸಿ ಮಲಗಿಸ್ತಾರೆ ಅಷ್ಟೆ, ಕಲಿಸೋದೇನು?' ಎಂದು ಮಗುವನ್ನು ಎಲ್‌ಕೆಜಿ ವ್ಯಾನ್ ಹತ್ತಿಸುವವರೂ ಇದ್ದಾರೆ. ವಿಜ್ಞಾನ ಮಾತ್ರ ಚಾಪೆಯ ಪರ.

ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ರೆಬೆಕಾ ಸ್ಪೆನ್ಸರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗವನ್ನೇ ನೋಡಿ. ಶಾಲೆಗೆ ಹೋಗುವ ಮುಂಚಿನ ವಯಸ್ಸಿನ 40 ಮಕ್ಕಳಿಗೆ ಬೆಳಿಗ್ಗೆ ಯಾವ ಚಿತ್ರ ಯಾವ ಮನೆಯಲ್ಲಿದೆ ಎಂದು ನೆನಪಿಡುವ ಆಟ ಕಲಿಸಿದರು. ಒಮ್ಮೆ ಮಧ್ಯಾಹ್ನ ಮಲಗಿಸಿದರು, ಇನ್ನೊಮ್ಮೆ ಎಚ್ಚರವಾಗಿಟ್ಟರು. ಮಲಗಿ ಎದ್ದ ದಿನ ಮಕ್ಕಳು ಸುಮಾರು ಶೇ 10ರಷ್ಟು ಹೆಚ್ಚು ನೆನಪಿಟ್ಟಿದ್ದರು. ಅಷ್ಟೇ ಆಗಿದ್ದರೆ ದಣಿವು ಆರಿದ್ದರಿಂದ ಎನ್ನಬಹುದಿತ್ತು. ಆದರೆ ಮಧ್ಯಾಹ್ನ ಮರೆತದ್ದು ರಾತ್ರಿಯಿಡೀ ಮಲಗಿ ಎದ್ದರೂ ಮರಳಲಿಲ್ಲ! ದಿನಾ ಮಧ್ಯಾಹ್ನ ಮಲಗುವ ರೂಢಿಯಿದ್ದ ಮಕ್ಕಳಿಗೇ ಹೆಚ್ಚು ನಷ್ಟ.

ಕಾರಣ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿದೆ. ಹೊಸ ಕಲಿಕೆ ಮೊದಲು ಬಂದು ಬೀಳುವುದು ಅಲ್ಲಿಗೆ. ಅದು ರಾಗಿ ಕಣ ಇದ್ದಂತೆ: ರಾಶಿಯನ್ನು ಹಗೇವಿಗೆ ಸಾಗಿಸದಿದ್ದರೆ ಮುಂದಿನ ಒಕ್ಕಣೆಗೆ ಜಾಗವಿಲ್ಲ. ಹಗೇವೆಂದರೆ ಇಲ್ಲಿ ಮಿದುಳಿನ ಹೊರಪದರ, ಕಾರ್ಟೆಕ್ಸ್. ಸಾಗಾಟದ ಬಹುಪಾಲು ನಡೆಯುವುದು ನಿದ್ದೆಯಲ್ಲಿ. ಆಗ ಮಿದುಳಿನಲ್ಲಿ ಕ್ಷಣಕಾಲ ಚಿಮ್ಮಿ ಅಡಗುವ ವಿದ್ಯುತ್ ಅಲೆಗಳ ಗುಚ್ಛಗಳಿಗೆ 'ಸ್ಪಿಂಡಲ್' ಎಂದು ಹೆಸರು. ಸ್ಪಿಂಡಲ್‌ಗಳು ದಟ್ಟವಾಗಿದ್ದ ಮಕ್ಕಳಲ್ಲಿ ನಿದ್ದೆಯ ಲಾಭವೂ ಹೆಚ್ಚೆಂದು ಸ್ಪೆನ್ಸರ್ ತಂಡ ಕಂಡುಕೊಂಡಿತು. ಎಳೆಯರ ಹಿಪೊಕ್ಯಾಂಪಸ್ ಇನ್ನೂ ಬೆಳೆಯುತ್ತಿರುವುದರಿಂದ ರಾತ್ರಿಯವರೆಗೆ ಕಾಯುವ ತಾಳಿಕೆ ಅದಕ್ಕಿಲ್ಲ ಎಂಬುದು ವಿಜ್ಞಾನಿಗಳ ಊಹೆ.

ಇನ್ನೂ ಚಿಕ್ಕ ಕೂಸುಗಳ ಕಥೆ ಮತ್ತೂ ಸೋಜಿಗದ್ದು. ಜರ್ಮನಿಯಲ್ಲಿ 6 ಮತ್ತು 12 ತಿಂಗಳ ಕೂಸುಗಳ ಮುಂದೆ ಒಂದು ಬೊಂಬೆಯ ಕೈಗವಸು ಕಳಚಿ, ಅಲ್ಲಾಡಿಸಿ, ಮತ್ತೆ ತೊಡಿಸಿ ತೋರಿಸಿದರು. ನಾಲ್ಕು ಗಂಟೆಯೊಳಗೆ ಕನಿಷ್ಠ ಅರ್ಧ ಗಂಟೆ ನಿದ್ದೆ ಮಾಡಿದ ಕೂಸುಗಳು ಆಮೇಲೆ ಅದನ್ನು ತಾವೇ ಮಾಡಿದವು. ನಿದ್ದೆಯಿಲ್ಲದವುಗಳಿಗೂ ಆ ಆಟವನ್ನೇ ನೋಡದವುಗಳಿಗೂ ವ್ಯತ್ಯಾಸ ಕಾಣಲಿಲ್ಲ. ಈ ಅಧ್ಯಯನ ಪ್ರಕಟವಾದದ್ದು 2015ರಲ್ಲಿ. ಮಗು ಜೋಲಿಗೆ ಹೋಗುವ ಮುಂಚಿನ ಹೊತ್ತಿನಲ್ಲಿ ಅಜ್ಜಿ ಹೇಳುವ ಕಥೆಗೆ ಇದಕ್ಕಿಂತ ಬೇರೆ ಶಿಫಾರಸು ಬೇಕಿಲ್ಲ.

ಹಾಗೆಂದು ಐದು ವರ್ಷದ ಮಗುವನ್ನು ಗದರಿಸಿ ಮಲಗಿಸಬೇಕಾಗಿಲ್ಲ. ಮಿದುಳು ಬಲಿತಂತೆ ಹಗಲು ನಿದ್ದೆ ತಾನಾಗಿ ಬಿಟ್ಟುಹೋಗುತ್ತದೆ, ಅದರ ವಯಸ್ಸು ಮಗುವಿನಿಂದ ಮಗುವಿಗೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯ ಪ್ರಕಾರ 3–4 ವರ್ಷದವರಿಗೆ ಹಗಲು-ರಾತ್ರಿ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು. ರಾತ್ರಿ ಹತ್ತರ ಧಾರಾವಾಹಿ ಮುಗಿಸಿ ಮಲಗಿ, ಬೆಳಿಗ್ಗೆ ಏಳೂವರೆಗೆ ವ್ಯಾನ್ ಹತ್ತುವ ಮಗುವಿಗೆ ಈ ಲೆಕ್ಕ ಎಲ್ಲಿ ತುಂಬೀತು? ಎಲ್‌ಕೆಜಿಯ ವೇಳಾಪಟ್ಟಿ ಬರೆಯುವವರು ಊಟದ ನಂತರದ ಒಂದು ಗಂಟೆಯನ್ನಾದರೂ ಚಾಪೆಗೆ ಬಿಟ್ಟುಕೊಡಲಿ.