ಇಂಗ್ಲಿಷು ಅಲಂಕಾರಗಳೂ ನಮ್ಮ ಮನೆಮಾತೂ

ಇಂಗ್ಲಿಷು ಪದ್ಯಪಾಠಗಳನ್ನು ಓದುವ ಬಾಲಿಕೆಯರಿಗೆ ಸಿಮಿಲಿ, ಮೆಟಫರ್, ಹೈಪರ್ಬೊಲಿ, ಐರನಿ ಮೊದಲಾದ ಹೆಸರುಗಳು ಎದುರಾಗುವವು. ಪರೀಕ್ಷೆಯ ಭಯದಿಂದ ಅವರು ಇವುಗಳ ಲಕ್ಷಣಗಳನ್ನು ಬಾಯಿಪಾಠ ಮಾಡುವರು. ಆದರೆ ಹೊಸ ಪದ್ಯವೊಂದನ್ನು ಮುಂದಿಟ್ಟರೆ ಅದರಲ್ಲಿ ಅಲಂಕಾರವೆಲ್ಲಿದೆಯೆಂದು ತೋರಿಸಲಾರರು. ಇತ್ತ ಔರಾದ, ಭಾಲ್ಕಿಗಳ ಹಳ್ಳಿಗಳಲ್ಲಿರುವ ಎಷ್ಟೋ ತಾಯಂದಿರು, “ನಮಗೆ ಇಂಗ್ಲಿಷು ಬಾರದು, ಮಗಳಿಗೆ ನಾವೇನು ಹೇಳಿಕೊಟ್ಟೇವು?” ಎಂದು ಸುಮ್ಮನಾಗುವರು. ಈ ಎರಡು ತೊಂದರೆಗಳಿಗೂ ಪರಿಹಾರವು ಒಂದೇ. ಹೆಸರುಗಳು ಪರಭಾಷೆಯವಾದರೂ ಅವು ಸೂಚಿಸುವ ಮಾತಿನ ಬಗೆಗಳು ನಮ್ಮ ಅಡಿಗೆಮನೆಯಲ್ಲಿಯೂ ಹೊಲದಲ್ಲಿಯೂ ದಿನಾಲು ಕೇಳಿಬರುವವು. ಅದನ್ನು ಇಲ್ಲಿ ತುಸು ವಿವರಿಸುವೆವು.

ಅಲಂಕಾರಶಾಸ್ತ್ರವು ನಮ್ಮ ಸೀಮೆಗೆ ಹೊಸತಲ್ಲ. ಕನ್ನಡದಲ್ಲಿ ದೊರೆತಿರುವ ಅತ್ಯಂತ ಹಳೆಯ ಗ್ರಂಥವಾದ ‘ಕವಿರಾಜಮಾರ್ಗ’ವು ಅಲಂಕಾರಗ್ರಂಥವೇ ಆಗಿದೆ. ಕ್ರಿ. ಶ. 850ರ ಸುಮಾರಿಗೆ, ನೆರೆಯ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು, ದಂಡಿಯ ಸಂಸ್ಕೃತ ‘ಕಾವ್ಯಾದರ್ಶ’ವನ್ನು ಬಹುಮಟ್ಟಿಗೆ ಅನುಸರಿಸಿ ಇದನ್ನು ರಚಿಸಿದನು. ಮುಂದೆ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಎರಡನೆಯ ನಾಗವರ್ಮನು ‘ಕಾವ್ಯಾವಲೋಕನ’ವನ್ನು ಬರೆದನು. ಆ ಕಲ್ಯಾಣವು ನಮ್ಮ ಜಿಲ್ಲೆಯ ಬಸವಕಲ್ಯಾಣವೇ.

ಮೊದಲು ಸಿಮಿಲಿ, ಎಂದರೆ ಉಪಮೆ. “ರೊಟ್ಟಿ ಹುಣ್ಣಿಮೆಯ ಚಂದ್ರನ ಹಾಗೆ ದುಂಡಗಿದೆ” ಎಂಬಲ್ಲಿ ರೊಟ್ಟಿಯು ಉಪಮೇಯ, ಚಂದ್ರನು ಉಪಮಾನ, ದುಂಡಗಿರುವದು ಸಮಾನಧರ್ಮ, ‘ಹಾಗೆ’ ಎಂಬುದು ವಾಚಕ. ಇಂಗ್ಲಿಷಿನಲ್ಲಿ ‘ಲೈಕ್’, ‘ಆ್ಯಸ್’ ಎಂಬ ಶಬ್ದಗಳು ಈ ವಾಚಕದ ಕೆಲಸವನ್ನು ಮಾಡುವವು. ಆದರೆ ಆ ಶಬ್ದಗಳಿದ್ದಲ್ಲೆಲ್ಲ ಉಪಮೆಯಿಲ್ಲ. “ತಂಗಿಯು ಅಕ್ಕನಷ್ಟೇ ಎತ್ತರವಾಗಿದ್ದಾಳೆ” ಎಂಬುದು ಬರಿಯ ಅಳತೆ. ಭಿನ್ನಜಾತಿಯ ಎರಡು ವಸ್ತುಗಳಲ್ಲಿ ಹೋಲಿಕೆಯನ್ನು ಕಂಡಾಗ ಮಾತ್ರ ಅಲಂಕಾರವಾಗುವದು.

“ಈ ಕೂಸು ನಮ್ಮ ಮನೆಯ ದೀಪ” ಎಂದಾಗ ‘ಹಾಗೆ’ ಎಂಬುದು ಬಿದ್ದುಹೋಗಿ ಎರಡೂ ಒಂದೇ ಆದವು. ಇದು ರೂಪಕ, ಇಂಗ್ಲಿಷಿನ ಮೆಟಫರ್. ‘ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವದು’ ಎಂದು ಅದರ ಗ್ರೀಕು ಮೂಲದ ಅರ್ಥ. ಇಲ್ಲಿ ಒಂದು ಎಚ್ಚರಿಕೆ ಬೇಕು. ಕೂಸನ್ನು ಹೆಸರಿಸದೆ “ನಮ್ಮ ದೀಪ ಬಂದಿತು” ಎಂದರೂ ಇಂಗ್ಲಿಷಿನವರು ಅದನ್ನು ಮೆಟಫರ್ ಎನ್ನುವರು. ನಮ್ಮ ಶಾಸ್ತ್ರಕಾರರು ಅದನ್ನು ಅತಿಶಯೋಕ್ತಿಯ ಒಂದು ಭೇದವೆಂದು ಎಣಿಸುವರು. ಆದುದರಿಂದ ಹೆಸರಿಗೆ ಹೆಸರು ಸರಿಹೊಂದಿತೆಂದು ಕಣ್ಣುಮುಚ್ಚಿ ನಂಬಲಾಗದು.

“ಊರೆಲ್ಲ ಜಾತ್ರೆಗೆ ಹೋಯಿತು” ಎನ್ನುವೆವು. ಊರು ನಡೆಯುವದಿಲ್ಲ, ಹೋದವರು ಜನರು. ಹೀಗೆ ಸಂಬಂಧಪಟ್ಟ ಒಂದರ ಹೆಸರಿನಿಂದ ಇನ್ನೊಂದನ್ನು ಹೇಳುವದು ಮೆಟಾನಿಮಿ. “ರಾಶಿ ಮಾಡಲು ಹತ್ತು ಕೈ ಬೇಕು” ಎಂಬಲ್ಲಿ ಅಂಗದಿಂದ ಇಡೀ ಆಳನ್ನು ಹೇಳಿದುದರಿಂದ ಅದು ಸಿನೆಕ್ಡಕಿ. ನಮ್ಮಲ್ಲಿ ಇವೆರಡೂ ಲಕ್ಷಣೆಯೊಳಗೆ ಅಡಕವಾಗಿವೆ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯಲ್ಲಿ ಕೆಸರು ದುಡಿಮೆಯನ್ನೂ ಮೊಸರು ಸುಖವಾದ ಊಟವನ್ನೂ ಸೂಚಿಸುವದನ್ನು ನೋಡಿದರೆ ಇದರ ಬಲವು ತಿಳಿಯುವದು.

“ಸಾವಿರ ಸಲ ಹೇಳಿದೆ” ಎಂಬ ತಾಯಿಯ ಮಾತು ಹೈಪರ್ಬೊಲಿ. ಹೊತ್ತು ಮೀರಿ ಬಂದ ಮಗಳಿಗೆ “ಬಹಳ ಬೇಗ ಬಂದೆಯಲ್ಲ, ತಾಯೀ!” ಎಂಬುದು ಐರನಿ. ಇದು ಸುಳ್ಳಲ್ಲ, ಸುಳ್ಳು ಹೇಳುವವನು ಕೇಳುವವನಿಗೆ ನಿಜವು ತಿಳಿಯಬಾರದೆನ್ನುವನು, ಐರನಿಯನ್ನಾಡುವವನು ತಿಳಿಯಲೇಬೇಕೆನ್ನುವನು. “ಮಾಂಜರಾ ಈ ವರ್ಷ ಮುನಿದಳು” ಎಂದು ನದಿಗೆ ಮನುಷ್ಯಗುಣವನ್ನು ಆರೋಪಿಸುವದು ಪರ್ಸಾನಿಫಿಕೇಶನ್. “ಮಳೆರಾಯಾ, ಬಾರೋ” ಎಂದು ಇದಿರಿಗಿಲ್ಲದುದನ್ನು ಕರೆಯುವದು ಅಪಾಸ್ಟ್ರಫಿ.

ಧ್ವನಿಯನ್ನು ಅನುಕರಿಸುವ ಆನೊಮಟೊಪಿಯದಲ್ಲಿ ಕನ್ನಡವು ಬಹು ಶ್ರೀಮಂತವಾಗಿದೆ: ಪಟಪಟ, ಚಟಚಟ, ದಬದಬ. ಅಲಿಟರೇಶನ್ ನಮ್ಮ ಅನುಪ್ರಾಸಕ್ಕೆ ಹತ್ತಿರವಾದುದು. ಅಲ್ಲಿ ಅಕ್ಷರವನ್ನಲ್ಲ, ಉಚ್ಚಾರವನ್ನು ಗಮನಿಸಬೇಕು. ‘ಕೆ’ ಅಕ್ಷರದಿಂದ ಬರೆಯುವ ‘ನೈಫ್’ ಶಬ್ದವು ನಕಾರದ ಶಬ್ದಗಳೊಡನೆ ಕೂಡುವದು. ಪ್ರಾಸದಲ್ಲಿಯೂ ಭೇದವಿದೆ. ಇಂಗ್ಲಿಷು ರೈಮ್ ಸಾಮಾನ್ಯವಾಗಿ ಸಾಲಿನ ಕೊನೆಯಲ್ಲಿರುವದು. ಹಳಗನ್ನಡ ಪದ್ಯದ ಆದಿಪ್ರಾಸವು ಪ್ರತಿಸಾಲಿನ ಎರಡನೆಯ ಅಕ್ಷರದಲ್ಲಿರುವದು.

ನಮ್ಮ ಜಿಲ್ಲೆಯ ಬಾಲಿಕೆಯರಿಗೆ ಇನ್ನೊಂದು ಅನುಕೂಲವಿದೆ. ಔರಾದ, ಭಾಲ್ಕಿಗಳ ಎಷ್ಟೋ ಮನೆಗಳಲ್ಲಿ ಮರಾಠಿಯನ್ನಾಡುವರು. ಉಪಮಾ, ರೂಪಕ, ಅನುಪ್ರಾಸ ಎಂಬ ಹೆಸರುಗಳು ಅಲ್ಲಿಯೂ ಅವೇ. ಬೀದರ ಪಟ್ಟಣದ ಉರ್ದು ಮನೆಗಳಲ್ಲಿ ಸಿಮಿಲಿಗೆ ತಶ್ಬೀಹ್, ಮೆಟಫರಿಗೆ ಇಸ್ತಿಆರಾ, ಹೈಪರ್ಬೊಲಿಗೆ ಮುಬಾಲಗಾ ಎನ್ನುವರು. 1948ರ ವರೆಗೆ ನಿಜಾಮರ ಆಳಿಕೆಯಲ್ಲಿದ್ದ ಈ ಪ್ರಾಂತದಲ್ಲಿ ಉರ್ದುವೇ ಶಾಲೆಯ ಮುಖ್ಯ ಭಾಷೆಯಾಗಿದ್ದಿತು. ಆಗ ಭಾಲ್ಕಿಯಲ್ಲಿ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನಿಟ್ಟು ಒಳಗೆ ಕನ್ನಡವನ್ನು ಕಲಿಸಿದರು. ಮನೆಮಾತಿನ ಮೂಲಕ ಬಂದ ಅರಿವು ಎಷ್ಟು ಬೆಲೆಯುಳ್ಳದ್ದೆಂಬುದನ್ನು ಈ ಸೀಮೆಯವರಿಗೆ ಬೇರೆ ಹೇಳಬೇಕಾಗಿಲ್ಲ.

ಕೊನೆಗೊಂದು ಮಾತು. ಅಲಂಕಾರದ ಹೆಸರನ್ನು ಹೇಳಿದ ಮಾತ್ರಕ್ಕೆ ಉತ್ತರವು ಪೂರ್ಣವಾಗದು. ಅದು ಅಲ್ಲಿ ಮಾಡುವ ಕೆಲಸವನ್ನೂ ಹೇಳಬೇಕು. ಬಿದರಿ ಕೆಲಸಗಾರರು ಬೆಳ್ಳಿಯನ್ನು ಪಾತ್ರೆಗೆ ಅಂಟಿಸುವದಿಲ್ಲ. ಸತುವು ತಾಮ್ರಗಳ ಮೈಯನ್ನು ಕೊರೆದು ಅದರೊಳಗೆ ತಂತಿಯನ್ನು ಕೂಡಿಸುವರು. ಬಳಿಕ ಕೋಟೆಯ ಮಣ್ಣಿನಿಂದ ಮೈ ಕಪ್ಪಾದಾಗ ಬೆಳ್ಳಿಯು ಹೊಳೆಯುವದು. ಒಳ್ಳೆಯ ಅಲಂಕಾರವೂ ಹೀಗೆಯೇ ಅರ್ಥದೊಳಗೆ ಕೂಡಿಕೊಂಡಿರುವದು.

ಆದುದರಿಂದ ತಾಯಂದಿರೂ ಅಜ್ಜಿಯರೂ ಹಿಂಜರಿಯದಿರಲಿ. ಮಗಳು ಹೊಸ ಹೆಸರೊಂದನ್ನು ಕಲಿತು ಬಂದಾಗ ಅವಳಿಗೆ ಮೂರು ಪ್ರಶ್ನೆಗಳನ್ನು ಕೇಳಲಿ: ನಮ್ಮ ಮಾತಿನಲ್ಲಿ ಇದಕ್ಕೆ ಉದಾಹರಣೆ ಯಾವದು? ಇಲ್ಲಿ ಯಾವದನ್ನು ಯಾವದರ ಮೂಲಕ ಹೇಳಿದೆ? ನೇರವಾಗಿ ಹೇಳಿದ್ದರೆ ಏನು ಕಳೆದುಹೋಗುತ್ತಿತ್ತು? ಈ ಪ್ರಶ್ನೆಗಳನ್ನು ಕೇಳಲು ಇಂಗ್ಲಿಷು ಬೇಡ. ಉತ್ತರಿಸಬಲ್ಲ ಬಾಲಿಕೆಗೆ ಯಾವ ಪರೀಕ್ಷೆಯ ಪದ್ಯವೂ ಅಪರಿಚಿತವಾಗಿ ತೋರದು.