ಸೂಟ್‌ಕೇಸ್ ಬಿಚ್ಚದ ಗೋಲ್‌ಕೀಪರ್

ಇವತ್ತು ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಐದು ಪಂದ್ಯ, ಪಂದ್ಯಕ್ಕೆ 90 ನಿಮಿಷ, ಒಟ್ಟು 450. ಆರನೇ ಪಂದ್ಯದಲ್ಲಿ ಇನ್ನೂ 67 ನಿಮಿಷ. ಕೂಡಿಸಿದರೆ 517. 1990ರ ವಿಶ್ವಕಪ್ ಫುಟ್‌ಬಾಲ್‌ನಲ್ಲಿ ಇಟಲಿಯ ಗೋಲ್‌ಕೀಪರ್ ವಾಲ್ಟರ್ ಝೆಂಗಾ ಇಷ್ಟು ಹೊತ್ತು ಒಂದೇ ಒಂದು ಗೋಲ್ ಬಿಟ್ಟುಕೊಡಲಿಲ್ಲ. ಅದು ವಿಶ್ವಕಪ್ ದಾಖಲೆ ಆಯ್ತು.

ಆದರೆ ಜನಕ್ಕೆ ನೆನಪಿರೋದು ಆ 517 ನಿಮಿಷ ಅಲ್ಲ, ಅದು ಮುಗಿದ ಕ್ಷಣ. ಜುಲೈ 3, ನೇಪಲ್ಸ್‌ನ ಸಾನ್ ಪಾವ್ಲೊ ಕ್ರೀಡಾಂಗಣ, ಸೆಮಿಫೈನಲ್. ಎದುರಿಗೆ ಮರಡೋನಾ ಅವರ ಅರ್ಜೆಂಟೀನಾ. ಇಟಲಿ 1-0 ಮುಂದೆ. ಎಡಗಡೆಯಿಂದ ಒಂದು ಚೆಂಡು ಮೇಲೆ ತೇಲಿ ಬಂತು. ಝೆಂಗಾ ಗೋಲ್ ಬಿಟ್ಟು ಮುಂದೆ ಓಡಿ ಬಂದ. ಚೆಂಡು ಕೈಗೆ ಸಿಗಲಿಲ್ಲ, ಕಾನಿಜಿಯಾ ತಲೆಗೆ ಸಿಕ್ಕಿತು. 1-1. ಪೆನಾಲ್ಟಿಯಲ್ಲಿ ಇಟಲಿ ಸೋತಿತು. ಸ್ವಂತ ನೆಲದಲ್ಲಿ ನಡೀತಿದ್ದ ವಿಶ್ವಕಪ್ ಕೈಬಿಟ್ಟು ಹೋಯ್ತು. ನಾನು ಆಗ ಅಂಗನವಾಡಿಗೂ ಹೋಗ್ತಿರಲಿಲ್ಲ. ಆಮೇಲೆ ನೋಡಿದ್ದು, ಅದೂ ಹತ್ತಾರು ಸಲ ನೋಡಿದ್ದು, ಆ ಒಂದು ತುಣುಕನ್ನೇ. ಅದಕ್ಕೂ ಮುಂಚಿನ ಐದು ಪಂದ್ಯಗಳಲ್ಲಿ ಆತ ಹಿಡಿದ ಚೆಂಡುಗಳ ತುಣುಕನ್ನು ನೀವು ನೋಡಿದ್ದೀರಾ? ನಮ್ಮ ಟಿವಿಯವರೂ ತೋರಿಸಲ್ಲ ಬಿಡಿ.

ಗೋಲ್‌ಕೀಪರ್ ಕೆಲಸವೇ ಹಾಗೆ. ಮುಂದಾಳು ಹತ್ತು ಅವಕಾಶದಲ್ಲಿ ಒಂಬತ್ತು ಹಾಳು ಮಾಡಿ ಒಂದು ಹೊಡೆದರೆ ಹೀರೋ. ಕೀಪರ್ ಒಂಬತ್ತು ಹಿಡಿದು ಒಂದು ಬಿಟ್ಟರೆ ಅವನಿಂದಲೇ ಸೋತ್ವಿ ಅಂತಾರೆ. ನನ್ನ ಪ್ರಶ್ನೆ ಇದು: ಇಂಥ ಕೆಲಸದಿಂದ ನಿವೃತ್ತಿ ಆದವನು, ಅದಕ್ಕಿಂತಲೂ ಕಷ್ಟದ ಕೆಲಸಕ್ಕೆ, ಅಂದರೆ ತಂಡದ ಮ್ಯಾನೇಜರ್ ಕುರ್ಚಿಗೆ, ಯಾಕೆ ಹೋಗಿ ಕೂರ್ತಾನೆ? ಅದೂ ಒಂದು ಊರಲ್ಲಿ ಅಲ್ಲ, ಎಂಟು ದೇಶಗಳಲ್ಲಿ!

ಮಿಲಾನ್‌ನಲ್ಲಿ ಹುಟ್ಟಿದ ಹುಡುಗ. ಅದೇ ಊರಿನ ಇಂಟರ್ ಕ್ಲಬ್‌ಗೆ ಹನ್ನೆರಡು ವರ್ಷ ಗೋಲ್ ಕಾದ. 1989ರಲ್ಲಿ ಲೀಗ್ ಗೆದ್ದ, ಎರಡು ಸಲ ಯುಇಎಫ್‌ಎ ಕಪ್ ಗೆದ್ದ. ದೇಶಕ್ಕೆ 58 ಪಂದ್ಯ ಆಡಿದ. ಅಭಿಮಾನಿಗಳು ಇಟ್ಟ ಹೆಸರು ಸ್ಪೈಡರ್‌ಮ್ಯಾನ್. ಒಂದೇ ಊರಿಗೆ ಇಷ್ಟು ಅಂಟಿಕೊಂಡಿದ್ದ ಮನುಷ್ಯ ಆಮೇಲೆ ಎಲ್ಲೂ ನೆಲೆ ನಿಲ್ಲಲಿಲ್ಲ. ಅಮೆರಿಕದ ನ್ಯೂ ಇಂಗ್ಲೆಂಡ್ ರೆವಲ್ಯೂಷನ್‌ನಲ್ಲಿ ಆಟಗಾರನೂ ಆತನೇ, ಕೋಚ್ ಕೂಡ ಆತನೇ. ಅಲ್ಲಿಂದ ರೊಮೇನಿಯಾ, ಸರ್ಬಿಯಾ, ಟರ್ಕಿ, ಯುಎಇ, ಮತ್ತೆ ರೊಮೇನಿಯಾ, ಇಟಲಿ, ಸೌದಿ ಅರೇಬಿಯಾ, ಮತ್ತೆ ದುಬೈ, ಅಬುಧಾಬಿ, ಇಂಗ್ಲೆಂಡ್... ಹೇಳ್ತಾ ಹೋದ್ರೆ ನಮ್ಮ ಕಾರ್ಯಕ್ರಮದ ಟೈಮ್ ಮುಗಿಯುತ್ತೆ.

ಪದೇ ಪದೇ ಕೆಲಸದಿಂದ ತೆಗೆಸಿಕೊಂಡವನಿಗೆ ಮತ್ತೆ ಮತ್ತೆ ಕೆಲಸ ಯಾರು ಕೊಡ್ತಾರೆ ಅಂತ ಕೇಳಬಹುದು. ಇದರ ಹಿಂದೆ ಸೀದಾ ಒಂದು ವ್ಯವಹಾರ ಇದೆ. ತಂಡ ಸೋಲ್ತಾ ಇದೆ ಅಂತಿಟ್ಟುಕೊಳ್ಳಿ. ಮಾಲೀಕ ಇಪ್ಪತ್ತೈದು ಆಟಗಾರರನ್ನು ಬದಲಾಯಿಸೋಕೆ ಆಗಲ್ಲ. ಅವರಿಗೆಲ್ಲ ವರ್ಷಗಟ್ಟಲೆ ಕರಾರು ಇದೆ, ಜೊತೆಗೆ ಖರೀದಿ ಕಿಟಕಿ ವರ್ಷಕ್ಕೆ ಎರಡೇ ಸಲ ತೆರೆಯೋದು. ಸೋಮವಾರ ಬೆಳಿಗ್ಗೆ ಬದಲಾಯಿಸಬಹುದಾದ ದೊಡ್ಡ ಮನುಷ್ಯ ಅಂದ್ರೆ ಮ್ಯಾನೇಜರ್ ಒಬ್ಬನೇ. ಅವನ ಜಾಗಕ್ಕೆ ಬರುವವನ ಹತ್ತಿರ ಕೋಚಿಂಗ್ ಲೈಸೆನ್ಸ್ ಇರಬೇಕು, ಸದ್ಯ ಯಾವ ಕ್ಲಬ್‌ನಲ್ಲೂ ಇರಬಾರದು, ಹೆಸರು ಕೇಳಿದ ಕೂಡಲೇ ಅಭಿಮಾನಿಗಳು ಸ್ವಲ್ಪ ಸುಮ್ಮನಾಗಬೇಕು, ನಾಳೆಯೇ ವಿಮಾನ ಹತ್ತಬೇಕು. ಈ ನಾಲ್ಕೂ ಕೂಡಿಬರೋ ಜನ ಕಡಿಮೆ. ಅದಕ್ಕೇ ಅದೇ ಮುಖಗಳು ಸುತ್ತುತ್ತಾ ಇರ್ತವೆ. ನಮ್ಮ ಬೆಂಗಳೂರು ಎಫ್‌ಸಿಯನ್ನೇ ನೋಡಿ: 2013ರಲ್ಲಿ ಇಂಗ್ಲೆಂಡಿನ ಆಶ್ಲೇ ವೆಸ್ಟ್‌ವುಡ್, ಆಮೇಲೆ ಸ್ಪೇನ್‌ನ ಆಲ್ಬರ್ಟ್ ರೋಕಾ, ಕಾರ್ಲೆಸ್ ಕ್ವಾದ್ರಾತ್. ಕಂಠೀರವದ ಬೆಂಚಿನ ಮೇಲೆ ಕೂತವರಲ್ಲೂ ಬಹುಪಾಲು ಇಂಥ ಸಂಚಾರಿಗಳೇ.

ಹಾಗಂತ ಝೆಂಗಾ ಬರೀ ಹೆಸರಿನ ಮೇಲೆ ಬದುಕಿದ ಅಂದುಕೊಂಡರೆ ತಪ್ಪು. ಬುಕಾರೆಸ್ಟ್‌ನ ಸ್ಟೆವಾ ತಂಡಕ್ಕೆ 2005ರಲ್ಲಿ ಸ್ಪೇನ್‌ನ ಬಲಾಢ್ಯ ವೇಲೆನ್ಸಿಯಾವನ್ನು ಪೆನಾಲ್ಟಿಯಲ್ಲಿ ಸೋಲಿಸಿಕೊಟ್ಟ. ಲೀಗ್ ಮುಗಿಯೋಕೆ ಕೆಲವೇ ಪಂದ್ಯ ಇದ್ದಾಗ ತೆಗೆದುಹಾಕಿದರು. ಸ್ಟೆವಾ ಆ ವರ್ಷ ಚಾಂಪಿಯನ್ ಆಯ್ತು, ಕುರ್ಚಿಯಲ್ಲಿ ಬೇರೊಬ್ಬ ಇದ್ದ. ಮರುವರ್ಷ ಬೆಲ್‌ಗ್ರೇಡ್‌ನ ರೆಡ್ ಸ್ಟಾರ್‌ಗೆ ಲೀಗೂ ಕಪ್ಪೂ ಎರಡೂ ಗೆದ್ದುಕೊಟ್ಟ.

ನನಗೆ ತುಂಬಾ ಇಷ್ಟವಾದದ್ದು ಸಿಸಿಲಿಯ ಅಧ್ಯಾಯ. 2008ರಲ್ಲಿ ಕಟಾನಿಯಾ ಮುಳುಗ್ತಾ ಇದ್ದಾಗ ಕರೆಸಿದರು. ಕೊನೆಯ ದಿನ ರೋಮಾ ಜೊತೆ 1-1 ಮಾಡಿಕೊಂಡು ತಂಡ ಉಳಿಯಿತು. ಮುಂದಿನ ಸೀಸನ್‌ನಲ್ಲಿ ಝೆಂಗಾ ಜೊತೆ ಇದ್ದವನು ಜಾನ್ನಿ ವಿಯೊ, ಹಿಂದೆ ಬ್ಯಾಂಕ್ ನೌಕರ. ಆತನ ತಲೆಯಲ್ಲಿ ಓಡ್ತಿದ್ದದ್ದು ಒಂದೇ, ಫ್ರೀ ಕಿಕ್ ಮತ್ತು ಕಾರ್ನರ್. ಸಣ್ಣ ಕ್ಲಬ್‌ಗೆ ದೊಡ್ಡ ಆಟಗಾರರನ್ನು ಕೊಳ್ಳೋಕೆ ದುಡ್ಡಿಲ್ಲ. ಆದರೆ ನಿಂತ ಚೆಂಡು ಯಾರಿಗಾದರೂ ಒಂದೇ, ಅಲ್ವಾ? ಅಲ್ಲಿ ಲೆಕ್ಕಾಚಾರ ನಡೆಯುತ್ತೆ. ಎಂಜಿನಿಯರಿಂಗ್ ಓದಿದ ನನಗೆ ಈ ತರ್ಕ ಕೂಡಲೇ ಹಿಡಿಸಿತು. ಟೊರಿನೊ ವಿರುದ್ಧ ಒಂದು ಫ್ರೀ ಕಿಕ್‌ನಲ್ಲಂತೂ ಕಟಾನಿಯಾ ಆಟಗಾರರು ಎದುರಾಳಿ ಕೀಪರ್ ಮುಂದೆ ಸಾಲಾಗಿ ನಿಂತು ಅವನ ಕಣ್ಣಿಗೆ ಚೆಂಡು ಕಾಣದ ಹಾಗೆ ಮಾಡಿದರು, ಅವರಲ್ಲೊಬ್ಬ ಚಡ್ಡಿಯನ್ನೂ ಕೆಳಗಿಳಿಸಿದ! ಗೋಲ್ ಆಯ್ತು. ನಗು ಬರುತ್ತೆ, ಆದರೆ ಕೀಪರ್‌ಗೆ ಏನು ಕಾಣದಿದ್ದರೆ ಸಂಕಟ ಅನ್ನೋದು ಕೀಪರ್ ಆಗಿದ್ದವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇದೇ ವಿಯೊ ಮುಂದೆ 2021ರಲ್ಲಿ ಯೂರೋ ಗೆದ್ದ ಇಟಲಿ ತಂಡದ ಸಿಬ್ಬಂದಿಯಲ್ಲಿದ್ದ.

2009ರ ಮಾರ್ಚ್‌ನಲ್ಲಿ ಕಟಾನಿಯಾ ಪರಮವೈರಿ ಪಲೆರ್ಮೊ ಮನೆಗೇ ಹೋಗಿ 4-0 ಬಾರಿಸಿತು. ಆ ಬೇಸಿಗೆಯಲ್ಲಿ ಝೆಂಗಾ ಎಲ್ಲಿಗೆ ಹೋದ ಗೊತ್ತಾ? ಅದೇ ಪಲೆರ್ಮೊಗೆ! ನವೆಂಬರ್‌ನಲ್ಲಿ ತನ್ನ ಹಳೆಯ ಕಟಾನಿಯಾ ಜೊತೆ 1-1 ಡ್ರಾ ಆದ ಕೂಡಲೇ ಕೆಲಸ ಹೋಯ್ತು. ಆ ಕ್ಲಬ್‌ನ ಆಗಿನ ಅಧ್ಯಕ್ಷ ಝಂಪರೀನಿ ಕೋಚ್‌ಗಳನ್ನು ಬದಲಾಯಿಸೋದರಲ್ಲಿ ಇಟಲಿಗೇ ಹೆಸರುವಾಸಿಯಾಗಿದ್ದ. ಅಲ್ಲಿಗೆ ಹೋಗಿದ್ದು ಝೆಂಗಾನ ತಪ್ಪು ಅಂತಲೇ ನನ್ನ ಅಭಿಪ್ರಾಯ.

ಈಗ ಇಂಗ್ಲೆಂಡಿನ ಕಥೆ. ಮ್ಯಾನೇಜರ್ ಕೆಲಸದಲ್ಲಿ ಪ್ರತಿಭೆಗಿಂತ ಸಮಯ ಎಷ್ಟು ದೊಡ್ಡದು ಅಂತ ಇದರಲ್ಲಿ ಕಾಣುತ್ತೆ. 2016ರ ಜುಲೈನಲ್ಲಿ ಚೀನಾದ ಫೋಸುನ್ ಕಂಪನಿ ವುಲ್ವರ್‌ಹ್ಯಾಂಪ್ಟನ್ ಕ್ಲಬ್ ಕೊಂಡಿತು. ಜುಲೈ 30ಕ್ಕೆ ಝೆಂಗಾ ನೇಮಕ, ಆಗಸ್ಟ್ 6ಕ್ಕೆ ಮೊದಲ ಪಂದ್ಯ. ಒಂದೇ ವಾರ! ಹೊಸ ಆಟಗಾರರು ಬೇರೆ ಬೇರೆ ದೇಶಗಳಿಂದ ಬಂದು ಇಳಿಯುತ್ತಲೇ ಇದ್ದರು. 14 ಲೀಗ್ ಪಂದ್ಯದಲ್ಲಿ 4 ಗೆಲುವು. 87ನೇ ದಿನಕ್ಕೆ ಮನೆಗೆ ಕಳಿಸಿದರು. ಮುಂದಿನ ಬೇಸಿಗೆಯಲ್ಲಿ ಅದೇ ಮಾಲೀಕರು ತಂದದ್ದು ಪೋರ್ಚುಗಲ್‌ನ ನುನೊ ಎಸ್ಪಿರಿಟೊ ಸಾಂಟೊನನ್ನು. ಆತನೂ ಮಾಜಿ ಗೋಲ್‌ಕೀಪರ್! ಆದರೆ ನೇಮಕ ಮೇ 31ಕ್ಕೆ, ಕೈಯಲ್ಲಿ ಎರಡು ತಿಂಗಳು. ನುನೊ 99 ಅಂಕ ಗಳಿಸಿ ತಂಡವನ್ನು ಪ್ರೀಮಿಯರ್ ಲೀಗ್‌ಗೆ ಏರಿಸಿದ. ಝೆಂಗಾಗೂ ಅಷ್ಟು ಸಮಯ ಸಿಕ್ಕಿದ್ದರೆ ಅದೇ ಫಲಿತಾಂಶ ಬರ್ತಿತ್ತು ಅಂತ ನಾನು ಹೇಳ್ತಿಲ್ಲ, ನುನೊ ಬಂದಾಗ ತಂಡವೂ ಗಟ್ಟಿಯಾಗಿತ್ತು. ಆದರೆ ಒಂದು ವಾರದಲ್ಲಿ ಪರೀಕ್ಷೆಗೆ ಕೂತವನ ಮಾರ್ಕ್ಸ್ ನೋಡಿ ದಡ್ಡ ಅನ್ನೋದು ನ್ಯಾಯವೇ?

ಮಾಜಿ ಕೀಪರ್‌ಗಳಿಗೆ ಈ ಕುರ್ಚಿ ಅಷ್ಟು ಸುಲಭಕ್ಕೆ ಸಿಗಲ್ಲ. ಅಭ್ಯಾಸದಲ್ಲಿ ಅವರು ಉಳಿದ ಹತ್ತು ಜನರಿಂದ ದೂರ, ಪ್ರತ್ಯೇಕ ಮೂಲೆಯಲ್ಲಿ ಬೆಳೆದವರು. ದಾಳಿ ಹೇಗೆ ಕಟ್ಟಬೇಕು ಅಂತ ಅವರಿಗೇನು ಗೊತ್ತು ಅನ್ನೋ ಅನುಮಾನ ಮಾಲೀಕರಿಗೆ. ಆದರೆ 90 ನಿಮಿಷವೂ ಇಡೀ ಮೈದಾನ ಎದುರಿಗೆ ಕಾಣೋದು ಅವರೊಬ್ಬರಿಗೇ. ಡೀನೊ ಝೋಫ್ ಇಟಲಿಯನ್ನು 2000ದ ಯೂರೋ ಫೈನಲ್‌ವರೆಗೆ ಒಯ್ದದ್ದು ಸುಮ್ಮನೆ ಅಲ್ಲ.

2017ರ ಡಿಸೆಂಬರ್‌ನಲ್ಲಿ ಝೆಂಗಾಗೆ ಮತ್ತೆ ಫೋನ್ ಬಂತು. ಇಟಲಿಯ ತುದಿಯಲ್ಲಿರೋ ಬಡ ಕ್ಲಬ್ ಕ್ರೊಟೊನೆ, ಅರ್ಧ ಸೀಸನ್ ಮುಗಿಯೋ ಹೊತ್ತು, ಉಳಿಸಿಕೊಡಿ ಅಂತ. ಹೋದ. ಉಳಿವಿನ ಹೋರಾಟ ಕೊನೆಯ ಪಂದ್ಯದವರೆಗೆ ಬಂತು. 2018ರ ಮೇ 20, ಎದುರಾಳಿ ನಾಪೊಲಿ, ಜಾಗ ಅದೇ ಸಾನ್ ಪಾವ್ಲೊ, ಕಾನಿಜಿಯಾ ತಲೆ ಚೆಂಡಿಗೆ ತಾಗಿದ ಕ್ರೀಡಾಂಗಣ. 2-1 ಸೋಲು. ಕ್ರೊಟೊನೆ ಕೆಳಗಿನ ಲೀಗ್‌ಗೆ ಇಳಿಯಿತು.

ಇಲ್ಲಿಗೆ ಆತ ಮನೆ ಸೇರಿದ ಅಂದುಕೊಂಡ್ರಾ? ಮುಂದೆ ವೆನೆಜಿಯಾ. ಆಮೇಲೆ 2020ರ ಮಾರ್ಚ್ 3ಕ್ಕೆ ಕಾಲ್ಯಾರಿ ಕ್ಲಬ್ ಕರೆಯಿತು. ಒಂದು ವಾರದೊಳಗೆ ಕೊರೊನಾದಿಂದ ಇಟಲಿಯಲ್ಲಿ ಆಟವೇ ನಿಂತುಹೋಯ್ತು. ಮೂರು ತಿಂಗಳಿಗೂ ಹೆಚ್ಚು ಕಾಲ, ಒಂದೂ ಪಂದ್ಯ ಆಡಿಸದ ಮ್ಯಾನೇಜರ್ ಆಗಿ ಕಾದ. ಜೂನ್ 20ಕ್ಕೆ ವೆರೋನಾದಲ್ಲಿ, ಖಾಲಿ ಕ್ರೀಡಾಂಗಣದಲ್ಲಿ, ಕೊನೆಗೂ ಮೊದಲ ಪಂದ್ಯ ಆಡಿಸಿದ. ಅರವತ್ತು ತುಂಬಿತ್ತು.