ಅಣ್ಣಾವ್ರ ರಾಯನೋ, ಎನ್.ಟಿ.ಆರ್. ರಾಯನೋ? ಕೋಲಾರದವರು ಕೊಟ್ಟ ತೀರ್ಪು!

ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಜಗಳ ಹಚ್ಚಬೇಕೆ? ಬಹಳ ಸುಲಭ! ಟೀ ಅಂಗಡಿ ಮುಂದೆ ನಿಂತು, "ಕೃಷ್ಣದೇವರಾಯನ ಪಾತ್ರ ಯಾರು ಚೆನ್ನಾಗಿ ಮಾಡಿದ್ದು? ರಾಜ್‌ಕುಮಾರಾ, ಎನ್.ಟಿ.ಆರಾ?" ಅಂತ ಒಂದೇ ಒಂದು ಪ್ರಶ್ನೆ ಎಸೆಯಿರಿ. ಮುಳಬಾಗಿಲು ಬಸ್ಸು ಬಂದು ಹೋದರೂ ಒಬ್ಬನೂ ಹತ್ತುವುದಿಲ್ಲ!

ಮೊನ್ನೆ ನಾನು ಎಸೆದದ್ದು ಅದೇ ಪ್ರಶ್ನೆ. ಎರಡು ಬಸ್ಸು ತಪ್ಪಿದವು. ಮೂರು ಟೀ ಖರ್ಚಾದವು. ಆದರೆ ಓದುಗ ಮಿತ್ರರೇ, ಕೊನೆಗೆ ಸಿಕ್ಕ ಉತ್ತರ ಮಾತ್ರ ನಾನು ಕನಸಿನಲ್ಲೂ ಎಣಿಸಿರದ ಉತ್ತರ!

ಈ ಪ್ರಶ್ನೆಗೆ ಕೋಲಾರವೇ ಯಾಕೆ? ಮೈಸೂರಿನ ಹುಡುಗನಿಗೆ ಒಬ್ಬ ಕೃಷ್ಣದೇವರಾಯ. ವಿಜಯವಾಡದ ಹುಡುಗನಿಗೆ ಇನ್ನೊಬ್ಬ. ಕೋಲಾರದವನಿಗೆ ಇಬ್ಬರೂ! ಇಲ್ಲಿ ಎಷ್ಟೋ ಮನೆಗಳಲ್ಲಿ ಅಡುಗೆಮನೆ ಮಾತು ತೆಲುಗು, ಸ್ಕೂಲಿನ ಮಾತು ಕನ್ನಡ. ಅಪ್ಪ ಎನ್.ಟಿ.ಆರ್. ಭಕ್ತ, ಮಗ ಅಣ್ಣಾವ್ರ ಅಭಿಮಾನಿ, ಇಬ್ಬರಿಗೂ ಒಂದೇ ತಟ್ಟೆಯಲ್ಲಿ ಮುದ್ದೆ!

ಎರಡು ಚಿತ್ರ, ಒಬ್ಬ ರಾಜ

ಮೊದಲು ಬಂದದ್ದು ತೆಲುಗಿನ 'ಮಹಾಮಂತ್ರಿ ತಿಮ್ಮರುಸು', 1962ರಲ್ಲಿ. ನಿರ್ದೇಶನ ಕಮಲಾಕರ ಕಾಮೇಶ್ವರರಾವ್. ರಾಯನಾಗಿ ಎನ್.ಟಿ. ರಾಮರಾವ್, ಮಂತ್ರಿಯಾಗಿ ಗುಮ್ಮಡಿ. ಎಂಟು ವರ್ಷದ ನಂತರ, 1970ರಲ್ಲಿ, ನಮ್ಮ ಬಿ.ಆರ್. ಪಂತುಲು ವರ್ಣದಲ್ಲಿ 'ಶ್ರೀ ಕೃಷ್ಣದೇವರಾಯ' ತೆರೆಗೆ ತಂದರು. ರಾಯನಾಗಿ ರಾಜ್‌ಕುಮಾರ್, ಜೊತೆಗೆ ಭಾರತಿ, ಜಯಂತಿ. ತಿಮ್ಮರಸು ಯಾರು? ಸ್ವತಃ ಪಂತುಲು!

ಟೂರಿಂಗ್ ಟಾಕೀಸಿನಲ್ಲಿ ಮರಳು ಗುಡ್ಡೆ ಮಾಡಿಕೊಂಡು ಕೂತು ನೋಡಿದವರು ಈಗ ಅಜ್ಜಂದಿರು. ಮೊಮ್ಮಕ್ಕಳು ಟಿ.ವಿ.ಯಲ್ಲಿ, ಮೊಬೈಲಿನಲ್ಲಿ ನೋಡುತ್ತಾರೆ. ಜಗಳ ಮಾತ್ರ ಹಾಗೇ ಇದೆ!

"ಅಣ್ಣಾವ್ರು ಸಿಂಹಾಸನದ ಮೇಲೆ ಕೂತ್ರೆ ಸಾಕು, ಮಾತೇ ಬೇಡ" ಅಂದ ಒಬ್ಬ ಮೆಕ್ಯಾನಿಕ್, ಕೈಯ ಗ್ರೀಸು ಒರೆಸಿಕೊಳ್ಳುತ್ತಾ. "ಆ ಉಚ್ಚಾರಣೆ ಯಾವನಿಗೆ ಬತ್ತದೆ, ಹೇಳಣ್ಣಾ?"

ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಲೆಕ್ಕ ಬರೆಯುವ ಹಿರಿಯರು ಬಿಡುತ್ತಾರೆಯೇ? "ಮಾತು ಬಿಡಪ್ಪ, ನಡಿಗೆ ನೋಡು! ರಾಮರಾವ್ ಕಿರೀಟ ಇಟ್ಟುಕೊಂಡು ನಡೆದ್ರೆ ಕಿರೀಟಕ್ಕೇ ಗೌರವ!"

ಯಾರ ರಾಜ?

ಜಗಳ ಭಾಷೆಗೆ ತಿರುಗಿತು. ತಿರುಗದೆ ಇರುತ್ತದೆಯೇ? ಕಾಲೇಜು ಹುಡುಗನೊಬ್ಬ, "ರಾಯನ ಬಿರುದೇ ಕನ್ನಡ ರಾಜ್ಯ ರಮಾರಮಣ" ಅಂದ. ಪಕ್ಕದವನು, "ಆಮುಕ್ತಮಾಲ್ಯದ ಯಾವ ಭಾಷೇಲಿ ಬರೆದ ಹೇಳು!" ಅಂದ. ಇಬ್ಬರದೂ ಸರಿ. ಕಾವ್ಯ ಬರೆದದ್ದು ತೆಲುಗಿನಲ್ಲಿ, ಶಾಸನಗಳು ಕನ್ನಡದಲ್ಲೂ ಇವೆ, ತೆಲುಗಿನಲ್ಲೂ ಇವೆ, ತಮಿಳಿನಲ್ಲೂ ಇವೆ.

ಆಗ ಹೂವಿನ ವ್ಯಾಪಾರಿಯೊಬ್ಬ ನಕ್ಕುಬಿಟ್ಟ. "ತಿರುಪತಿಗೆ ಹೋಗಿಲ್ವೇನ್ರೋ? ಗುಡಿ ಒಳಗೆ ರಾಯ ಕೈಮುಗಿದು ನಿಂತವ್ನೆ, ಆ ಕಡೆ ಈ ಕಡೆ ಇಬ್ಬರು ರಾಣೀರು. ಯಾವ ಭಾಷೇಲಿ ಬೇಡ್ಕೊಂತಾ ಅವ್ನೆ ಅಂತ ಕೇಳಿದೀರಾ?"

ಅಲ್ಲಿದ್ದವರ ಬಾಯಿ ಬಂದ್! ತಿರುಮಲಾದೇವಿ, ಚಿನ್ನಾದೇವಿಯರ ನಡುವೆ ನಿಂತ ರಾಯನ ಲೋಹದ ಪ್ರತಿಮೆಯನ್ನು ಕೋಲಾರದವರು ತಲೆಮಾರುಗಳಿಂದ ನೋಡುತ್ತಾ ಬಂದಿದ್ದಾರೆ. ಬೆಳ್ಳಿತೆರೆಯ ರಾಯ ಬಂದದ್ದು ಆಮೇಲೆ.

ಇನ್ನೂ ಒಂದು ನಂಟಿದೆ. ರಾಯ ಗುರು ಎಂದು ತಲೆಬಾಗಿದ ವ್ಯಾಸರಾಯರು ವಿದ್ಯೆ ಕಲಿತದ್ದು ಎಲ್ಲಿ? ನಮ್ಮ ಮುಳಬಾಗಿಲಿನಲ್ಲಿ, ಶ್ರೀಪಾದರಾಜರ ಬಳಿ! ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನ ಇವತ್ತಿಗೂ ಇದೆ. "ಹಂಗಾದ್ರೆ ರಾಜನ ಗುರೂಗೇ ಪಾಠ ಹೇಳಿದ ಊರು ನಮ್ದು" ಅಂತ ಮುಳಬಾಗಿಲಿನ ಕಂಡಕ್ಟರ್ ಎದೆಯುಬ್ಬಿಸಿದ್ದನ್ನು ನೀವು ನೋಡಬೇಕಿತ್ತು!

ಮಂತ್ರಿ ಗೆದ್ದ ಕಥೆ

ಇಲ್ಲಿಗೆ ನಾನು ಪುಸ್ತಕ ಮುಚ್ಚಿ ಹೊರಡಬೇಕಿತ್ತು. ಆದರೆ ಅಷ್ಟು ಹೊತ್ತು ಸುಮ್ಮನೆ ಕೂತಿದ್ದ ಒಬ್ಬ ಹಿರಿಯರು ಬಾಯಿ ಬಿಟ್ಟರು. ಕೆ.ಜಿ.ಎಫ್. ಚಿನ್ನದ ಗಣಿಯಲ್ಲಿ ದುಡಿದವರು, 2001ರಲ್ಲಿ ಗಣಿ ಮುಚ್ಚಿದ ಮೇಲೆ ಕೋಲಾರಕ್ಕೆ ಬಂದು ನೆಲೆಸಿದವರು.

"ರಾಜ ರಾಜ ಅಂತೀರಲ್ಲ, ಪಿಚ್ಚರ್ ಮುಗಿದ ಮೇಲೆ ಮನೆ ತನಕ ಜೊತೇಲಿ ಬಂದವನು ಯಾರು? ಆ ಮುದುಕ ಮಂತ್ರಿ!"

ನಿಜವೇ! 1969-70ರ ಸಾಲಿನ ರಾಜ್ಯ ಪ್ರಶಸ್ತಿಯಲ್ಲಿ ಶ್ರೇಷ್ಠ ನಟ ಯಾರು? ರಾಯನ ಪಾತ್ರಧಾರಿಯಲ್ಲ, ತಿಮ್ಮರಸುವಿನ ಪಾತ್ರಧಾರಿ ಪಂತುಲು! ಅಣ್ಣಾವ್ರ ಅಭಿಮಾನಿಗಳಿಗೆ ಈ ಮಾತು ಇವತ್ತಿಗೂ ಚುಚ್ಚುತ್ತದೆ. ಆ ಪ್ರಶಸ್ತಿ ರಾಜ್‌ಕುಮಾರ್‌ಗೇ ಸಲ್ಲಬೇಕಿತ್ತು ಅಂತ ಪಂತುಲು ಅವರೇ ಹೇಳಿದರು ಎಂಬ ಮಾತು ಅಭಿಮಾನಿಗಳ ಬಾಯಲ್ಲಿದೆ. ಮಂತ್ರಿಯ ಪಾತ್ರ ಮಾಡಿದವನಿಗೆ ತಕ್ಕ ಮಾತೇ ಅಲ್ಲವೇ?

ತೆಲುಗಿನಲ್ಲಂತೂ ಚಿತ್ರದ ಹೆಸರೇ ಮಂತ್ರಿಯದು! ಇನ್ನೊಂದು ಸ್ವಾರಸ್ಯ ಕೇಳಿ. ರಾಯನಾದ ಎನ್.ಟಿ.ಆರ್. ಹುಟ್ಟಿದ್ದು 1923ರಲ್ಲಿ, ಅವರು 'ಅಪ್ಪಾಜಿ' ಎಂದು ಕರೆದ ಗುಮ್ಮಡಿ ಹುಟ್ಟಿದ್ದು 1927ರಲ್ಲಿ. ಅಪ್ಪಾಜಿಯೇ ಮಗನಿಗಿಂತ ನಾಲ್ಕು ವರ್ಷ ಚಿಕ್ಕವರು! ಕನ್ನಡದಲ್ಲಿ ಹಾಗಲ್ಲ. 1910ರಲ್ಲಿ ಹುಟ್ಟಿದ ಪಂತುಲು, 1929ರಲ್ಲಿ ಹುಟ್ಟಿದ ಅಣ್ಣಾವ್ರಿಗೆ ನಿಜಕ್ಕೂ ತಂದೆಯ ವಯಸ್ಸಿನವರು.

ಕಣ್ಣಿನ ಲೆಕ್ಕ

ಆ ಮುದುಕ ಮಂತ್ರಿಯ ಕಥೆ ಏನು? ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಸಾಯುವ ಹೊತ್ತಿನಲ್ಲಿ ವೀರನರಸಿಂಹ, ತನ್ನ ಪುಟ್ಟ ಮಗನಿಗೆ ಪಟ್ಟ ಸಿಗಲಿ ಎಂದು, ತಮ್ಮ ಕೃಷ್ಣನ ಕಣ್ಣು ಕೀಳಿಸಲು ತಿಮ್ಮರಸುವಿಗೆ ಹೇಳಿದನಂತೆ. ತಿಮ್ಮರಸು ಮೇಕೆಯ ಕಣ್ಣು ತೋರಿಸಿ ಹುಡುಗನನ್ನು ಉಳಿಸಿದನಂತೆ. 1509ರಲ್ಲಿ ಪಟ್ಟಕ್ಕೇರಿದಾಗ ರಾಯನಿಗೆ ಇಪ್ಪತ್ತು ದಾಟಿತ್ತು ಅಷ್ಟೇ ಎನ್ನುತ್ತಾನೆ ನೂನಿಜ್. ಅಂದರೆ ನಮ್ಮ ನಿಮ್ಮ ವಯಸ್ಸು!

ಮುಂದಿನದು ಕರುಳು ಹಿಂಡುವ ಭಾಗ. 1524ರ ಹೊತ್ತಿಗೆ ರಾಯ ತನ್ನ ಎಳೆಯ ಮಗ ತಿರುಮಲನಿಗೆ ಪಟ್ಟ ಕಟ್ಟಿದ. ಮಗು ತೀರಿಕೊಂಡಿತು. ವಿಷ ಹಾಕಿದರೆಂಬ ಗುಮಾನಿ ತಿಮ್ಮರಸುವಿನ ಮನೆಯವರ ಮೇಲೆ ಬಿತ್ತು. ಸೆರೆ ಆಯಿತು, ಕಣ್ಣೂ ಹೋಯಿತು. ಯಾರ ಕಣ್ಣು ಉಳಿಸಿದನೋ ಅವನೇ ಇವನ ಕಣ್ಣು ತೆಗೆಸಿದ! ನೂನಿಜ್ ಇದನ್ನು ಬರೆದದ್ದು ರಾಯ ತೀರಿಕೊಂಡ ಮೇಲೆ, ಕೇಳಿದ್ದನ್ನು ಕೇಳಿದ ಹಾಗೆ. ಎಲ್ಲ ಇತಿಹಾಸಕಾರರೂ ಒಪ್ಪುವುದಿಲ್ಲ. ಆದರೆ ತೆಲುಗು ಚಿತ್ರ ಆ ಕಣ್ಣನ್ನೇ ಕೊನೆಯಲ್ಲಿ ಎದುರಿಗಿಡುತ್ತದೆ.

"ಮಗು ಸತ್ತ ಸಂಕಟ ಸಾರ್, ರಾಜನೂ ಮನುಷ್ಯನೇ" ಅಂತ ಕಾಲೇಜು ಹುಡುಗ ರಾಯನ ಪರ ವಹಿಸಿದ.

ಆಗ ಮಾತಾಡಿದವನು ಟೊಮೆಟೊ ಲಾರಿಯ ಕ್ಲೀನರ್, ಇಪ್ಪತ್ತರ ಹುಡುಗ. ಅವನ ಮಾತು ಕೇಳಿ ಟೀ ಅಂಗಡಿಯೇ ಸ್ತಬ್ಧ.

"ಸಂಕಟ ಇರ್ಲಿ ಸಾರ್, ಒಂದು ಮಾತು ಕೇಳಬಹುದಿತ್ತಲ್ಲಾ? ಹಿಂದೆ ನಾನಿದ್ದ ಮಂಡಿ ಯಜಮಾನರು ನನ್ನ ಹತ್ತು ವರ್ಷದಿಂದ ಸಾಕಿದ್ರು. ನಾನೂ ಅಪ್ಪ ಅಂತಾನೇ ಕರೀತಿದ್ದೆ. ಒಂದಿನ ಗಲ್ಲಾದಾಗೆ ದುಡ್ಡು ಕಮ್ಮಿ ಬಂತು. ಯಾರೋ ನನ್ನ ಹೆಸರು ಹೇಳಿದ್ರು. ಯಜಮಾನರು ಕೇಳಲೇ ಇಲ್ಲ ಸಾರ್. ತೆಗೆದಿದ್ದೀಯಾ ಅಂತ ಒಂದು ಮಾತು... ಕೇಳಿದ್ರೆ ಸಾಕಾಗಿತ್ತು. ಆ ಸೀನು ಬಂದ್ರೆ ನಾನು ಎದ್ದು ಹೊರಗೆ ಹೋಗ್ತೀನಿ."

ಯಾರೂ ಶಿಳ್ಳೆ ಹೊಡೆಯಲಿಲ್ಲ. ಮೆಕ್ಯಾನಿಕ್ ತನ್ನ ದುಡ್ಡಿನಲ್ಲಿ ಅವನಿಗೊಂದು ಟೀ ಹೇಳಿದ.

ತೀರ್ಪು

ರಾಯ ಸಣ್ಣವನಲ್ಲ. 1520ರಲ್ಲಿ ರಾಯಚೂರು ಗೆದ್ದವನು. ರಾಜ ಮಂತ್ರಿಗಳನ್ನು ಹೇಗೆ ನಡೆಸಿಕೊಳ್ಳಬೇಕೆಂಬ ರಾಜನೀತಿಯನ್ನೂ ತನ್ನ ಕಾವ್ಯದಲ್ಲಿ ಬರೆದವನು! ಆ ಕಥೆ ನಿಜವೇ ಆಗಿದ್ದರೆ, ಅಂಥವನೂ ಒಂದು ಗಳಿಗೆ ಎಡವಿದ. ಕೋಲಾರದ ಪ್ರೇಕ್ಷಕ ಅವನನ್ನು ಅಳೆಯುವುದು ಗೆದ್ದ ಕೋಟೆಯಿಂದಲ್ಲ, ಆಡಿದ ಭಾಷೆಯಿಂದಲೂ ಅಲ್ಲ. ತನ್ನನ್ನು ಬೆಳೆಸಿದ ಮುದುಕನನ್ನು ಕೇಳಿದನೋ ಇಲ್ಲವೋ ಎಂಬ ಒಂದೇ ಪ್ರಶ್ನೆಯಿಂದ.

ಹಾಗಾದರೆ ಅಣ್ಣಾವ್ರಾ, ಎನ್.ಟಿ.ಆರಾ? ಆ ಗಣಿ ಹಿರಿಯರು ಎದ್ದು ಹೊರಡುತ್ತಾ ಅಂದದ್ದು ಇಷ್ಟು: "ಇಬ್ರೂ ದೊಡ್ಡವರೇ ಕಣಪ್ಪ. ಇಬ್ರಿಗೂ ಆ ಮಂತ್ರಿ ಬೇಕಾಯ್ತು."

ನನ್ನ ಮೂರನೇ ಬಸ್ಸು ಬಂತು. ಹತ್ತಿದೆ. ಕಿಟಕಿಯಿಂದ ನೋಡಿದರೆ ಕ್ಲೀನರ್ ಹುಡುಗ ಟೀ ಕುಡಿಯುತ್ತಿದ್ದ, ಮಂಡಿಯ ಲೆಕ್ಕದ ಹಿರಿಯರು ಅವನ ಹೆಗಲ ಮೇಲೆ ಕೈ ಇಟ್ಟಿದ್ದರು.

ಓದುಗ ಮಿತ್ರರೇ, ನೀವು ಯಾರ ಪರ? ರಾಯನ ಪರವೋ, ತಿಮ್ಮರಸುವಿನ ಪರವೋ? ಬರೆದು ತಿಳಿಸಿ. ಆದರೆ ಅದಕ್ಕೆ ಮೊದಲು, ನಿಮ್ಮನ್ನು ಸಾಕಿದವರ ಮೇಲೆ ಯಾರಾದರೂ ಚಾಡಿ ಹೇಳಿದ್ದರೆ... ಹೋಗಿ ಒಂದು ಮಾತು ಕೇಳಿಬಿಡಿ!